ನೀಲಿ ಬೋರ್ಡೋ, ಕೆಂಪು ಬೋರ್ಡೋ

ಬೋರ್ಡೋ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಅಡಿಕೆ ತೋಟದಲ್ಲಿ. ಅವ್ವನ ತವರು ಸಕಲೇಶಪುರದ ಕಡೆ. ಮುಂಗಾರಿಗೆ ಇನ್ನೊಂದು ವಾರವಿದೆ ಎನ್ನುವಾಗ ಸೋದರಮಾವ ತೋಟದಂಚಿನ ಹಲಸಿನ ಮರದಡಿ ಪೀಪಾಯಿಗಳನ್ನು ಸಾಲಾಗಿ ಇಡಿಸುತ್ತಿದ್ದರು. ಹಿಂದಿನ ರಾತ್ರಿಯೇ ಮೈಲುತುತ್ತದ ಹರಳನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ಒಂದು ಪೀಪಾಯಿಯ ನೀರಿಗೆ ಇಳಿಬಿಟ್ಟಿರುತ್ತಿದ್ದರು. ಬೆಳಗಾಗುವಷ್ಟರಲ್ಲಿ ಆ ನೀರಿಗೆ ನವಿಲಿನ ಕತ್ತಿನ ಬಣ್ಣ ಬಂದಿರುತ್ತಿತ್ತು. ಇನ್ನೊಂದರಲ್ಲಿ ಅರಳಿದ ಸುಣ್ಣದ ಹಾಲು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡಕ್ಕೂ ಸೇರಿ ನೂರು ಲೀಟರ್ ನೀರು. ಎರಡನ್ನೂ ಬೆರೆಸಿ ಮರದ ಕೋಲಿನಿಂದ ತಿರುವಿದಾಗ ಏಳುತ್ತಿದ್ದ ತಿಳಿನೀಲಿ, ಮಳೆ ನಿಂತ ಮೇಲಿನ ಆಕಾಶದ ತುಂಡೊಂದು ಪೀಪಾಯಿಗೆ ಬಿದ್ದ ಹಾಗಿರುತ್ತಿತ್ತು.

ಆಮೇಲೆ ಮಾವ ಸೊಂಟದ ಕತ್ತಿ ತೆಗೆದು, ಅಲಗನ್ನು ಮರಳಿನಲ್ಲಿ ಉಜ್ಜಿ ಬೆಳಗಿಸಿ, ಆ ನೀಲಿಯೊಳಗೆ ಅದ್ದಿ ಹಿಡಿಯುತ್ತಿದ್ದರು. ನಾವು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಹೊರತೆಗೆದ ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣ ಬೀಳುತ್ತಿತ್ತು.

“ಕತ್ತಿ ಕೆಂಪಾದ್ರೆ ಸುಣ್ಣ ಸಾಲ್ದು ಅಂತ ಲೆಕ್ಕ ಕಣೋ. ಹಂಗೇ ಹೊಡುದ್ರೆ ಕಾಯಿ ಸುಟ್ಟೋಯ್ತದೆ.”

“ಬೋರ್ಡೋ ಅಂದ್ರೆ ಏನ್ ಮಾವ?”

“ಔಷಧಿ ಹೆಸ್ರು.”

ಮಾವನಿಗೆ ಅಷ್ಟು ಸಾಕಿತ್ತು. ಕೊನೆಗಾರ ಮರವೇರಿ ಒಂದೊಂದು ಗೊನೆಗೂ ನೀಲಿ ಸಿಂಪಡಿಸಿದರೆ ಕೊಳೆರೋಗ ಹತ್ತಿರ ಸುಳಿಯುತ್ತಿರಲಿಲ್ಲ. ಮಳೆಗಾಲದ ನಡುವೆ ಮತ್ತೊಂದು ಸುತ್ತು. ಮಲೆನಾಡಿನಲ್ಲಿ ಅಡಿಕೆ ಇಟ್ಟವರಿಗೂ ಕಾಫಿ, ಮೆಣಸು ಇಟ್ಟವರಿಗೂ ಬೋರ್ಡೋ ಮನೆಮಾತು. ಆ ಹೆಸರಿನ ಒಂದು ಊರು ಭೂಮಿಯ ಮೇಲಿದೆ, ಆ ಊರನ್ನು ಲೋಕವೆಲ್ಲ ಕೆಂಪು ದ್ರಾಕ್ಷಾರಸಕ್ಕಾಗಿ ನೆನೆಯುತ್ತದೆ ಎಂದು ನನಗೆ ಗೊತ್ತಾಗಲು ಇನ್ನೂ ಹದಿನೈದು ವರ್ಷ ಬೇಕಾಯಿತು.

*

ಬೋರ್ಡೋ ಫ್ರಾನ್ಸಿನ ನೈರುತ್ಯದ ಊರು. ಅದರ ಉತ್ತರಕ್ಕೆ ಮೆಡಾಕ್ ಎಂಬ ದ್ರಾಕ್ಷಿ ಸೀಮೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸೀಮೆಯ ಮೇಲೆ ಒಂದರ ಹಿಂದೊಂದು ಪೀಡೆ ಬಂದವು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಹುಳು ಬೇರು ಹೀರಿ ಬಳ್ಳಿಗಳನ್ನು ಒಣಗಿಸಿತು. ಅದನ್ನು ತಡೆಯಲೆಂದು ಅಮೆರಿಕದಿಂದ ಗಟ್ಟಿ ಬಳ್ಳಿಗಳನ್ನು ತರಿಸಿದರೆ, ಅವುಗಳ ಜೊತೆಯಲ್ಲೇ ಎಲೆಯ ಕೆಳಗೆ ಬಿಳಿ ಬೂಜು ಕಟ್ಟುವ ರೋಗವೂ ಬಂದಿಳಿಯಿತು.

ದಾರಿಬದಿಯ ತೋಟದವರಿಗೆ ಇನ್ನೊಂದು ಕಾಟವಿತ್ತು. ಹೋಗುವವರು ಬರುವವರು ಹಣ್ಣು ಕೀಳುತ್ತಿದ್ದರು. ಅದಕ್ಕಾಗಿ ಅವರು ಅಂಚಿನ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ವಿಷ ಹಾಕಿದ್ದಾರೆ ಎಂದು ಹೆದರಿ ಜನ ಮುಟ್ಟುತ್ತಿರಲಿಲ್ಲ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಮಿಯಾರ್ದೆ 1882ರಲ್ಲಿ ಮೆಡಾಕ್‌ನ ಸೇಂಟ್ ಜೂಲಿಯನ್ ಬಳಿ ನಡೆದುಹೋಗುವಾಗ ಒಂದು ಸಂಗತಿ ಗಮನಿಸಿದರು. ತೋಟದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತಿವೆ, ದಾರಿಯಂಚಿನ ನೀಲಿ ಬಳ್ಳಿಗಳು ಮಾತ್ರ ಹಸಿರಾಗಿವೆ. ಕಳ್ಳರಿಗೆಂದು ಎರಚಿದ್ದು ರೋಗವನ್ನೇ ಓಡಿಸಿತ್ತು. ಮೂರು ವರ್ಷ ಪರೀಕ್ಷೆ ನಡೆಸಿ 1885ರಲ್ಲಿ ಅವರು ಅದನ್ನು ಲೋಕಕ್ಕೆ ಹೇಳಿದರು. ಆ ಮದ್ದಿಗೆ ಊರಿನ ಹೆಸರೇ ನಿಂತಿತು.

ಕಾಲು ಶತಮಾನ ಕಳೆಯುವಷ್ಟರಲ್ಲಿ ಆ ಮದ್ದು ಕಡಲು ದಾಟಿ ನಮ್ಮ ಮಲೆನಾಡಿಗೆ ಬಂತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ಕಲಿಸಿದರು. ಮೆಡಾಕ್‌ನ ದ್ರಾಕ್ಷಿಯನ್ನು ಕಾದ ನೀಲಿ ನಮ್ಮ ಅಡಿಕೆಯನ್ನೂ ಕಾಯಿತು. ಹೀಗೆ ಆ ಊರು ನಮ್ಮ ಮನೆಗೆ ಮೊದಲು ಬಂದದ್ದು ಔಷಧಿಯಾಗಿ. ಕೆಂಪಾಗಿ ಬಂದದ್ದು ಬಹಳ ತಡವಾಗಿ, ಅಕ್ಕನ ಮಗನ ಕೈಚೀಲದಲ್ಲಿ.

*

ನಮ್ಮೂರು ರುದ್ರಪಟ್ಟಣ, ಅರಕಲಗೂಡು ತಾಲ್ಲೂಕು. ಕಾವೇರಿ ಊರಿನ ಮಗ್ಗುಲಲ್ಲೇ ಹರಿಯುತ್ತಾಳೆ. ಸಂಜೆ ಸೋಪಾನದ ಮೇಲೆ ಕೂತರೆ ಹಿಂದೆ ತಂಬೂರಿಯ ಆಕಾರದಲ್ಲಿ ಎದ್ದು ನಿಂತ ಸಪ್ತಸ್ವರ ದೇವತಾ ಧ್ಯಾನ ಮಂದಿರ, ಮುಂದೆ ಬಂಡೆಗೆ ತಾಕಿ ಕವಲಾಗಿ ಮತ್ತೆ ಕೂಡುವ ನೀರು. ಇಲ್ಲಿ ಕೂತು ಬೋರ್ಡೋ ಸೀಮೆಯ ನಕ್ಷೆ ಬಿಚ್ಚಿದಾಗ ಅದು ದೂರದ್ದು ಅನ್ನಿಸಲಿಲ್ಲ.

ಅಲ್ಲಿಯೂ ಎರಡು ನದಿ. ಪಿರನೀಸ್ ಬೆಟ್ಟಗಳ ಕಡೆಯಿಂದ ಗರೋನ್ ಬರುತ್ತಾಳೆ, ಫ್ರಾನ್ಸಿನ ನಡುಗುಡ್ಡಗಳಿಂದ ದೋರ್ದೋನ್ ಇಳಿಯುತ್ತಾಳೆ. ಬೋರ್ಡೋ ಪಟ್ಟಣ ದಾಟಿದ ಮೇಲೆ ಇಬ್ಬರೂ ಕೂಡಿ ಜಿರೋಂದ್ ಎಂಬ ಹೆಸರು ಹೊತ್ತು ಅಟ್ಲಾಂಟಿಕ್ ಸೇರುತ್ತಾರೆ. ತಿರುಮಕೂಡಲಿನಲ್ಲಿ ನಮ್ಮ ಕಾವೇರಿ ಕಪಿಲೆಯನ್ನು ಕೂಡುವ ಹಾಗೆಯೇ. ದ್ರಾಕ್ಷಿ ಬೆಳೆಗಾರರು ಆ ಸೀಮೆಯನ್ನು ಹಂಚಿಕೊಂಡಿರುವುದೂ ನಾವು ನಾಲೆಯ ಸೀಮೆ ಹೇಳುವಂತೆಯೇ: ಎಡದಂಡೆ, ಬಲದಂಡೆ.

ಎಡದಂಡೆ ಜಲ್ಲಿನೆಲ. ನದಿ ಸಾವಿರಾರು ವರ್ಷ ಉರುಳಿಸಿ ತಂದ ಗುಂಡುಕಲ್ಲುಗಳು ಅಲ್ಲಿ ಆಳದವರೆಗೂ ಇವೆ. ಮಳೆನೀರು ನಿಲ್ಲದೆ ಬಸಿದುಹೋಗುತ್ತದೆ, ಬೇರು ನೀರು ಹುಡುಕಿ ಕೆಳಗಿಳಿಯುತ್ತದೆ. ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಳ್ಳಿಗೆ ಕೊಡುತ್ತದೆ. ತಡವಾಗಿ ಮಾಗುವ, ದಪ್ಪ ಸಿಪ್ಪೆಯ ಕ್ಯಾಬರ್ನೆ ಸೊವಿನ್ಯೋಂಗೆ ಇಂಥ ಬೆಚ್ಚನೆಯ ನೆಲವೇ ಬೇಕು. ಮಾರ್ಗೋ, ಪೋಯಾಕ್, ಸೇಂಟ್ ಜೂಲಿಯನ್ ಊರುಗಳೆಲ್ಲ ಈ ದಂಡೆಯವು. 1855ರ ಪ್ಯಾರಿಸ್ ಮಹಾಪ್ರದರ್ಶನಕ್ಕೆಂದು ಇಲ್ಲಿನ ತೋಟಗಳನ್ನು ಐದು ದರ್ಜೆಗಳಲ್ಲಿ ವಿಂಗಡಿಸಿದರು. ಆ ಪಟ್ಟಿ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. 1973ರಲ್ಲಿ ಮೂತೋಂ ರೋಶೀಲ್ಡ್ ತೋಟ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಅದರಲ್ಲಾದ ದೊಡ್ಡ ಬದಲಾವಣೆ. ಬಲದಂಡೆಯದು ಜೇಡಿ, ಸುಣ್ಣಕಲ್ಲಿನ ತಂಪು ನೆಲ. ಅಲ್ಲಿ ಬೇಗ ಮಾಗುವ, ತೊಗಲು ತೆಳುವಾದ ಮೆರ್ಲೋ ದ್ರಾಕ್ಷಿಯ ಕಾರುಬಾರು. ಸೇಂಟ್ ಎಮಿಲಿಯನ್, ಪೊಮೆರೋಲ್ ಆ ದಂಡೆಯ ಹೆಸರುವಾಸಿ ಊರುಗಳು. ಬೋರ್ಡೋದವರು ಸಾಮಾನ್ಯವಾಗಿ ಒಂದೇ ದ್ರಾಕ್ಷಿಯ ರಸ ಕುಡಿಸುವುದಿಲ್ಲ. ಕ್ಯಾಬರ್ನೆಯ ಬಿಗಿಗೆ ಮೆರ್ಲೋದ ಮೆದುತನ ಬೆರೆಸಿ ಹದ ಮಾಡುತ್ತಾರೆ.

ಕ್ಯಾಬರ್ನೆಯ ಹುಟ್ಟೂ ಒಂದು ಬೆರಕೆಯೇ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಅದರ ವಂಶವಾಹಿ ಬಿಡಿಸಿ ನೋಡಿದಾಗ ತಾಯಿತಂದೆ ಗೊತ್ತಾದರು: ಕೆಂಪಾದ ಕ್ಯಾಬರ್ನೆ ಫ್ರಾಂಕ್, ಬಿಳಿಯಾದ ಸೊವಿನ್ಯೋಂ ಬ್ಲಾಂಕ್. ಯಾವುದೋ ತೋಟದಲ್ಲಿ ಈ ಎರಡರ ಹೂವಿಗೆ ಗಾಳಿ ಸಂಬಂಧ ಕೂಡಿಸಿತ್ತು.

*

ಬಂದವರು ನೆಲದವರಾಗುವುದನ್ನು ನಮ್ಮೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಸಂಕೇತಿಗಳ ಹಿರಿಯರು ಶತಮಾನಗಳ ಹಿಂದೆ ಸೆಂಗೋಟೆಯ ಕಡೆಯಿಂದ ನಡೆದು ಬಂದವರು. ತಮಿಳು, ಮಲಯಾಳ, ಕನ್ನಡ ಬೆರೆತ ಮನೆಮಾತು ಇಟ್ಟುಕೊಂಡೇ ಕಾವೇರಿ ದಂಡೆಯಲ್ಲಿ ಅಡಿಕೆ, ತೆಂಗು ನೆಟ್ಟರು, ವೇದ ಹೇಳಿದರು, ಹಾಡಿದರು. 1920ರಲ್ಲಿ ಇಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಕರ್ನಾಟಕ ಸಂಗೀತಕ್ಕೆ ಕನ್ನಡ ನಾಡು ಕೊಟ್ಟ ದೊಡ್ಡ ದನಿಗಳಲ್ಲೊಂದು. ತ್ಯಾಗರಾಜನ್, ತಾರಾನಾಥನ್ ಸಹೋದರರ ಜೋಡಿ ಊರಿನ ಹೆಸರನ್ನೇ ಮುಂದಿಟ್ಟುಕೊಂಡು ರುದ್ರಪಟ್ಟಣಂ ಸಹೋದರರೆಂದು ಹೆಸರಾಯಿತು. ಆರ್. ಕೆ. ಪದ್ಮನಾಭ ಅವರು ಮುಂದೆ ನಿಂತು ತಂಬೂರಿ ಮಂದಿರ ಕಟ್ಟಿಸಿದರು.

ಶ್ರೀಕಂಠನ್ ಅವರ ಅಣ್ಣ ಆರ್. ಕೆ. ವೆಂಕಟರಾಮಾಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಪಿಟೀಲು ಯೂರೋಪಿನ ಕೂಸು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿಯವರು ಮದರಾಸಿನಲ್ಲಿ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಕರೆತಂದರು. ಅಲ್ಲಿ ನಿಂತು ಗಲ್ಲಕ್ಕೊತ್ತಿ ನುಡಿಸುತ್ತಿದ್ದುದು ಇಲ್ಲಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತಿತು, ತಂತಿಯ ಶ್ರುತಿ ಬದಲಿಸಿಕೊಂಡಿತು, ಗಮಕ ಕಲಿತಿತು. ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಮೂರು ತಂತಿ ಹೆಚ್ಚಿಗೆ ಬಿಗಿದು ಏಳಾಗಿಸಿದರು. ಇಂದು ಪಿಟೀಲಿಲ್ಲದ ಕಚೇರಿಯನ್ನು ಯಾರೂ ನೆನೆಸಿಕೊಳ್ಳಲಾರರು. ನಂದಿಯ ತಪ್ಪಲಿನ ಕ್ಯಾಬರ್ನೆ ಬಳ್ಳಿಯ ಮುಂದೆ ಮೊದಲ ಸಲ ನಿಂತಾಗ ನನಗೆ ನೆನಪಾದದ್ದು ಪಿಟೀಲು.

*

ಅಕ್ಕನ ಮಗ ಅಲ್ಲೊಂದು ತೋಟದಲ್ಲಿ ಮೇಲ್ವಿಚಾರಕ. “ಮಾವ, ಕುಯ್ಲು ನಡೀತಿದೆ. ಕತ್ತಲಲ್ಲೇ ಬರ್ಬೇಕು, ಬಿಸ್ಲು ಬಂದ್ಮೇಲೆ ಏನೂ ಕಾಣಲ್ಲ” ಎಂದು ಕರೆದಿದ್ದ. ಫೆಬ್ರುವರಿಯ ಕೊನೆ. ನಾಲ್ಕೂವರೆ ಗಂಟೆಗೆ ತೋಟದ ಬಾಯಲ್ಲಿ ಇಳಿದಾಗ ಮೈಗೆ ಚಳಿ ಕಚ್ಚುತ್ತಿತ್ತು. ನಂದಿಬೆಟ್ಟ ಕತ್ತಲೆಗಿಂತ ಒಂದು ಪದರ ಕಪ್ಪಾಗಿ ಮಲಗಿತ್ತು. ಅದರಡಿ ಉದ್ದಕ್ಕೂ ಮಿಣುಕು ದೀಪಗಳು. ಹತ್ತಿರ ಹೋದಂತೆ ಅವು ಹೆಂಗಸರ ಹಣೆಗೆ ಕಟ್ಟಿದ ಬ್ಯಾಟರಿಗಳೆಂದು ತಿಳಿಯಿತು. ಕನ್ನಡದೊಳಗೆ ತೆಲುಗು ಹೊಸೆದ ಮಾತು, ಕತ್ತರಿಯ ಕಿಟಕಿಟ, ಗೊಂಚಲು ಕ್ರೇಟಿಗೆ ಇಳಿಯುವಾಗಿನ ಮೆತ್ತನೆಯ ಸದ್ದು.

“ಎಸೀಬ್ಯಾಡ ಕಣಮ್ಮಿ, ಮಲಗ್ಸು” ಎಂದಳು ಹಿರಿಯಳೊಬ್ಬಳು, ಹೊಸದಾಗಿ ಬಂದ ಹುಡುಗಿಗೆ. ಗೊಂಚಲನ್ನು ಮಲಗಿಸಬೇಕು. ಹಣ್ಣು ಒಡೆದರೆ ಅಲ್ಲೇ ಹುಳಿಯೇಳುತ್ತದೆ. ತಂಪಿರುವಾಗಲೇ ಹಣ್ಣು ಮನೆ ಸೇರಬೇಕೆಂದು ಈ ಕತ್ತಲ ಕುಯ್ಲು.

ಬೆಳಕು ಹರಿಯಿತು. ಈ ಸೀಮೆಯ ಹಳೆಯ ದ್ರಾಕ್ಷಿ ಬೆಂಗಳೂರು ನೀಲಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಅದು ಚಪ್ಪರದ ಮೇಲೆ ಹಬ್ಬುತ್ತದೆ, ಅದರಡಿ ನಡೆದರೆ ಹಣ್ಣು ತಲೆಯ ಮೇಲೆ ತೂಗುತ್ತದೆ. ಫ್ರೆಂಚ್ ಬಳ್ಳಿಗಳು ಹಾಗಲ್ಲ. ಕಲ್ಲುಕಂಬಗಳ ನಡುವೆ ಬಿಗಿದ ತಂತಿಗೆ ಆತುಕೊಂಡು, ಶಾಲೆ ಮಕ್ಕಳ ಪ್ರಾರ್ಥನೆಯ ಸಾಲಿನಂತೆ ನೆಟ್ಟಗೆ ನಿಂತಿದ್ದವು. ಗೊಂಚಲು ಮೊಣಕಾಲಿನ ಎತ್ತರಕ್ಕೆ. ಕಾಳು ಬಲು ಸಣ್ಣದು, ಕಪ್ಪುನೀಲಿ, ಮೇಲೆ ವಿಭೂತಿ ಸವರಿದಂಥ ಬೂದು.

ಹುಡುಗ ಒಂದು ಕಾಳು ಕಿತ್ತು ನನ್ನ ಅಂಗೈಗೆ ಹಾಕಿದ. “ಹಿಚುಕಿ ನೋಡಿ ಮಾವ.” ಹಿಚುಕಿದೆ. ಅಷ್ಟು ಕಪ್ಪಾದ ಹಣ್ಣಿನಿಂದ ಬಂದದ್ದು ಎಳನೀರಿನಂಥ ಬಣ್ಣವಿಲ್ಲದ ರಸ. ಸಿಪ್ಪೆಯನ್ನು ಬೆರಳ ನಡುವೆ ತಿಕ್ಕಿದಾಗ ಮಾತ್ರ ನೇರಳೆ ಕೆಂಪು ಹತ್ತಿತು, ಸೋಪು ಹಾಕಿದರೂ ಎರಡು ದಿನ ಹೋಗಲಿಲ್ಲ. ಬಾಯಿಗೆ ಹಾಕಿದೆ. ಮೊದಲು ಗಾಢವಾದ ಸಿಹಿ. ಸಿಪ್ಪೆ ಅಗಿದಂತೆ ನಾಲಿಗೆ ಒರಟಾಯಿತು. ಬೀಜ ಕಡಿದಾಗ ವಸಡೆಲ್ಲ ಬಿಗಿದುಕೊಂಡಿತು. ನೇರಳೆ ಹಣ್ಣು ತಿಂದ ಮೇಲೆ ಆಗುವುದು ಇದೇ, ಎಳೆ ಅಡಿಕೆ ಕಡಿದಾಗ ಆಗುವುದೂ ಇದೇ. ಒಗರು.

ಬಾಯಲ್ಲಿಟ್ಟ ಕೂಡಲೇ ರಸ ಕೊಡುವ ಕಾವ್ಯವನ್ನು ನಮ್ಮ ಹಿರಿಯರು ದ್ರಾಕ್ಷಾಪಾಕ ಎಂದರು, ಸುಲಿದು ತಿನ್ನಬೇಕಾದ್ದನ್ನು ಕದಳೀಪಾಕ ಎಂದರು, ಒಡೆದು ತೆಗೆಯಬೇಕಾದ್ದನ್ನು ನಾರಿಕೇಳಪಾಕ ಎಂದರು. ಈ ದ್ರಾಕ್ಷಿ ಹೆಸರಿಗೆ ದ್ರಾಕ್ಷಿಯಾದರೂ ಪಾಕದಲ್ಲಿ ತೆಂಗಿನಕಾಯಿಯ ಕಡೆಯದು. ಅದರ ಸಾರ ಸಿಪ್ಪೆಯಲ್ಲಿ, ಬೀಜದಲ್ಲಿ ಅಡಗಿದೆ. ಕಾದು ತೆಗೆಯಬೇಕು.

“ಇದಕ್ಕೆ ಕಾಲು ನಮ್ದಲ್ಲ, ಅವರ್ದೂ ಅಲ್ಲ” ಎಂದು ಹುಡುಗ ಬುಡ ತೋರಿಸಿದ. ನೆಲದಿಂದ ಗೇಣೆತ್ತರದಲ್ಲಿ ಕಾಂಡ ಗಂಟುಗಟ್ಟಿತ್ತು, ಕಸಿಯ ಗುರುತು. ಕೆಳಗಿನದು ಡಾಗ್‌ರಿಜ್ ಎಂಬ ಅಮೆರಿಕದ ಕಾಡುದ್ರಾಕ್ಷಿಯ ಬೇರು, ಬರ ತಾಳುತ್ತದೆ, ಉಪ್ಪುನೀರು ತಾಳುತ್ತದೆ. ಮೇಲಿನದು ಕ್ಯಾಬರ್ನೆ. ಬೋರ್ಡೋದಲ್ಲೂ ಫಿಲಾಕ್ಸೆರಾದ ತರುವಾಯ ಬಳ್ಳಿ ಉಳಿದದ್ದು ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿದ್ದರಿಂದಲೇ. ಯಾವ ಪೀಡೆ ಅಮೆರಿಕದಿಂದ ಬಂದಿತ್ತೋ ಅದನ್ನು ತಾಳುವ ಕಾಲೂ ಅಲ್ಲಿಂದಲೇ ಬಂತು.

ಇಲ್ಲಿಯ ನೆಲ ಬಳ್ಳಿಗೆ ಹೊಸ ಪಂಚಾಂಗವನ್ನೂ ಕಲಿಸಿದೆ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ವಸಂತದಲ್ಲಿ ಚಿಗುರಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಣ್ಣು ಕೊಡುತ್ತದೆ. ನಂದಿಯ ತಪ್ಪಲಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಕುಯ್ಲು ಮುಗಿದ ಬೇಸಗೆಯಲ್ಲಿ ಒಮ್ಮೆ, ಕಡ್ಡಿ ಬೆಳೆಯಲೆಂದು. ಮಳೆ ಹಿಂದಾದ ಮೇಲೆ ಇನ್ನೊಮ್ಮೆ, ಹಣ್ಣಿಗೆಂದು. ಮಳೆಗಾಲದಲ್ಲಿ ಹಣ್ಣು ಬಿಟ್ಟರೆ ಕೊಳೆಯುತ್ತದೆಂದು ಬಳ್ಳಿಯ ಕಾಲವನ್ನೇ ತಿರುಗಿಸಿ, ಹಗಲು ಬಿಸಿಲು, ಇರುಳು ಚಳಿ ಇರುವ ಮಾಘ ಫಾಲ್ಗುಣಕ್ಕೆ ಹಣ್ಣು ಮಾಗುವಂತೆ ಮಾಡಿದ್ದಾರೆ. ಸವರುವವನ ಕೈಯಲ್ಲಿ ಬರೀ ಒಂದು ಕತ್ತರಿ, ಬಳ್ಳಿಯ ಚಳಿಗಾಲವೆಲ್ಲ ಆ ಕತ್ತರಿಯಲ್ಲೇ.

*

ಈ ಪಾಠವನ್ನು ಇಲ್ಲಿ ಮೊದಲು ಕಲಿತವರಲ್ಲಿ ಕನ್ವಲ್ ಗ್ರೋವರ್ ಹೆಸರು ದೊಡ್ಡದು. ವ್ಯಾಪಾರಕ್ಕಾಗಿ ಫ್ರಾನ್ಸಿಗೆ ಹೋಗಿಬಂದು ಮಾಡುತ್ತಿದ್ದ ಅವರಿಗೆ ಇಲ್ಲೇ ಫ್ರೆಂಚ್ ದ್ರಾಕ್ಷಿ ಬೆಳೆಯಬೇಕೆಂಬ ಹಂಬಲ. ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಜೊತೆಗೂಡಿ 1980ರ ದಶಕದಲ್ಲಿ ಹಲವು ತಳಿ ನೆಟ್ಟು ನೋಡಿದರು. ಒಗ್ಗದವನ್ನು ಕಿತ್ತರು, ಒಗ್ಗಿದವನ್ನು ಉಳಿಸಿದರು. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್‌ಯಾರ್ಡ್ಸ್ ನೆಲೆಗೊಂಡಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಕೆಮ್ಮಣ್ಣು. 1990ರ ದಶಕದಲ್ಲಿ ಬೋರ್ಡೋದ ಬಲದಂಡೆಯ ಪೊಮೆರೋಲ್‌ನಿಂದ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಅವರ ಕೈಗುಣದಲ್ಲಿ ಹೆಸರಾದ ‘ಲಾ ರಿಸರ್ವ್’ ಕ್ಯಾಬರ್ನೆ ಮತ್ತು ಶಿರಾಜ್ ಬೆರೆತ ಕೆಂಪು.

ಶಿರಾಜನ್ನು ಫ್ರಾನ್ಸಿನಲ್ಲಿ ಸಿರಾ ಎನ್ನುತ್ತಾರೆ. ಅದರ ತವರು ಪೂರ್ವದ ರೋನ್ ನದಿ ಕಣಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೋರ್ಡೋದ ವರ್ತಕರು ತಮ್ಮ ರಸ ತೆಳುವಾದ ವರ್ಷ ರೋನ್ ಕಣಿವೆಯ ಹರ್ಮಿಟಾಜ್ ಸಿರಾ ತಂದು ಬೆರೆಸಿ ಕಸುವು ಕೂಡಿಸುತ್ತಿದ್ದರು. ನಂದಿಯ ತಪ್ಪಲಲ್ಲಿ ಕೂಡಿದವರು ಹಳೆಯ ಬೀಗರೇ.

2007ರಲ್ಲಿ ಕರ್ನಾಟಕ ದ್ರಾಕ್ಷಾರಸ ನೀತಿ ತಂದಿತು, ಅದಕ್ಕೆಂದೇ ಮಂಡಳಿಯೂ ಆಯಿತು. ಈಗ ಹಂಪಿ ಕಡೆಯ ಬಂಡೆಗಳ ನಡುವೆಯೂ ಕ್ಯಾಬರ್ನೆ ಇದೆ, ನಮ್ಮೂರು ದಾಟಿ ಹರಿದ ಕಾವೇರಿಯ ದಂಡೆಯಲ್ಲಿ ತಿ. ನರಸೀಪುರದ ಸೀಮೆಯಲ್ಲೂ ಇದೆ. ನಂದಿಯಲ್ಲಿ ಹುಟ್ಟುವ ಅರ್ಕಾವತಿಯೂ ಸಂಗಮದಲ್ಲಿ ಕಾವೇರಿಯನ್ನೇ ಸೇರುವವಳು. ಆ ತೋಟದ ಮೇಲೆ ಬಿದ್ದ ಮಳೆಗೂ ನಮ್ಮ ಹೊಳೆಗೂ ಹೀಗೊಂದು ನಂಟಿದೆ.

*

ಹಣ್ಣಿನ ಹಿಂದೆಯೇ ನಾವೂ ಹುದುಗಿನ ಮನೆಗೆ ಹೋದೆವು. ಬಾಗಿಲಲ್ಲೇ ದೋಸೆಹಿಟ್ಟು ಉಬ್ಬಿದ ಬೆಳಗಿನ ಅಡುಗೆಮನೆಯ ವಾಸನೆ. ಅಲ್ಲಿ ನಡೆಯುತ್ತಿದ್ದುದೂ ಅದೇ ಜಾತಿಯ ಕೆಲಸ. ತೊಟ್ಟು ಬಿಡಿಸಿ, ಹಣ್ಣನ್ನು ಮೆಲ್ಲಗೆ ಒಡೆದು, ರಸ, ಸಿಪ್ಪೆ, ಬೀಜ ಎಲ್ಲವನ್ನೂ ಒಟ್ಟಿಗೆ ಉಕ್ಕಿನ ತೊಟ್ಟಿಗೆ ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ, ಗಾಳಿಗುಳ್ಳೆ ಬಿಡುತ್ತದೆ. ಆ ಗುಳ್ಳೆಗಳು ಸಿಪ್ಪೆಯನ್ನೆಲ್ಲ ಮೇಲಕ್ಕೆ ನೂಕಿ ದಪ್ಪ ಮುಚ್ಚಳ ಕಟ್ಟುತ್ತವೆ. ದಿನಕ್ಕೆ ಕೆಲವು ಸಲ ಕೆಳಗಿನ ರಸವನ್ನು ಪಂಪಿನಲ್ಲಿ ಮೇಲಕ್ಕೆತ್ತಿ ಆ ಮುಚ್ಚಳದ ಮೇಲೆ ಸುರಿದು ನೆನೆಸುತ್ತಾರೆ. ಬಣ್ಣವೂ ಒಗರೂ ಇಳಿಯುವುದು ಆಗಲೇ. ತೊಟ್ಟಿ ಬಿಸಿಯೇರದಂತೆ ಹೊರಗೋಡೆಯೊಳಗೆ ತಣ್ಣೀರು ಸುತ್ತುತ್ತಿರುತ್ತದೆ.

ಇದು ಮುಗಿದ ಮೇಲೆ ಇನ್ನೊಂದು ಮೌನದ ಹುದುಗು. ರಸದಲ್ಲಿರುವ ಹಸಿ ಸೇಬಿನಂಥ ಚುರುಕು ಹುಳಿಯನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ಮೊಸರಿನ ಮೆದು ಹುಳಿಯಾಗಿ ತಿರುಗಿಸುತ್ತದೆ. ಹೆಪ್ಪು ಹಾಕುವ ಪ್ರತಿ ಮನೆಯಲ್ಲೂ ಆ ಬ್ಯಾಕ್ಟೀರಿಯಾದ ಬಳಗವಿದೆ. ಆಮೇಲೆ ಒಂದಿಷ್ಟು ರಸ ಓಕ್ ಮರದ ಪೀಪಾಯಿ ಸೇರುತ್ತದೆ. ಬೋರ್ಡೋದ ಅಳತೆಯ ಪೀಪಾಯಿ 225 ಲೀಟರಿನದು, ಮುನ್ನೂರು ಬಾಟಲಿ ತುಂಬುತ್ತದೆ. ಒಳಮೈಯನ್ನು ಬೆಂಕಿಗೆ ಹಿಡಿದು ಸುಟ್ಟಿರುತ್ತಾರೆ. ಅಲ್ಲಿ ರಸ ತಿಂಗಳುಗಟ್ಟಲೆ ಮಲಗಿ ಮರದಿಂದ ವೆನಿಲ್ಲಾ, ಲವಂಗದ ಪರಿಮಳ ತೆಗೆದುಕೊಳ್ಳುತ್ತದೆ, ತನ್ನ ಒರಟು ಒಗರನ್ನು ಕಳೆದುಕೊಳ್ಳುತ್ತದೆ. ನಮ್ಮ ಆಯುರ್ವೇದದ ದ್ರಾಕ್ಷಾಸವವೂ ಹುದುಗಿದ ದ್ರಾಕ್ಷಿಯೇ, ಧಾತಕಿ ಹೂವು ಹಾಕಿ ಮುಚ್ಚಿಟ್ಟು ಕಾಯುವುದು. ಕಾಯುವ ವಿದ್ಯೆ ನಮಗೆ ಹೊಸದಲ್ಲ.

*

ಯುಗಾದಿಗೆ ಹುಡುಗ ಊರಿಗೆ ಬಂದ. ಕೈಚೀಲದಲ್ಲಿ ಪಂಚೆಯಲ್ಲಿ ಸುತ್ತಿದ ಒಂದು ಬಾಟಲಿ, ನಾಲ್ಕು ವರ್ಷ ಹಳೆಯ ಕ್ಯಾಬರ್ನೆ ಶಿರಾಜ್. ಮರುದಿನ ಹೊಸತೊಡಕು. ಮನೆಯಲ್ಲಿ ಬೆಳಗಿನಿಂದಲೇ ಬಾಡಿನ ಸಡಗರ. ಚೈತ್ರದ ಬಿಸಿಲು ಹೆಂಚಿನಿಂದ ಇಳಿಯುತ್ತಿತ್ತು.

ಕೆಂಪು ದ್ರಾಕ್ಷಾರಸವನ್ನು ಕೋಣೆಯ ಬಿಸುಪಿನಲ್ಲೇ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಫ್ರಾನ್ಸಿನ ಕಲ್ಲುಮನೆಗಳಲ್ಲಿ. ಅಲ್ಲಿ ಕೋಣೆ ಎಂದರೆ 16ರಿಂದ 18 ಡಿಗ್ರಿ. ನಮ್ಮ ನಡುಮನೆಯ ಬೇಸಗೆಯಲ್ಲಿ ಅದನ್ನು ಹಾಗೇ ಸುರಿದರೆ ಮದ್ಯದ ಘಾಟೇ ಮುಂದೆ ನಿಲ್ಲುತ್ತದೆ. ಹುಡುಗ ಬಾಟಲಿಗೆ ಒದ್ದೆ ಗೋಣಿ ಸುತ್ತಿ, ನೀರು ಸೋರಿ ತಣ್ಣಗಿದ್ದ ಮಣ್ಣಿನ ಹರವಿಯೊಳಗೆ ಕತ್ತಿನವರೆಗೆ ಮುಳುಗಿಸಿಟ್ಟ. ಊಟದ ಹೊತ್ತಿಗೆ ತೆಗೆದಾಗ ಗಾಜಿನ ಮೇಲೆ ಬೆವರಿನ ಹನಿ ಕೂತಿತ್ತು.

ಕುಡಿತ ಹಳ್ಳಿಯ ಮನೆಗಳನ್ನು ಏನು ಮಾಡಿದೆ ಎಂದು ಕಣ್ಣಾರೆ ಕಂಡವನು ನಾನು. ಆದ್ದರಿಂದ ನಮ್ಮ ಮನೆಯಲ್ಲಿ ಅಂದು ಹಾಕಿದ್ದು ಕಾಲು ಲೋಟ. ಊಟದ ಜೊತೆ, ನಿಧಾನವಾಗಿ, ರುಚಿ ನೋಡಲಿಕ್ಕೆಂದೇ. ಬೆಳಕಿಗೆ ಹಿಡಿದರೆ ನಡುವೆ ನೇರಳೆಗಪ್ಪು, ಅಂಚಿನಲ್ಲಿ ದಾಳಿಂಬೆ ಸಿಪ್ಪೆಯ ಕೆಂಪು. ಅವ್ವ ಲೋಟ ತೆಗೆದುಕೊಂಡು ಮೂಗಿಗೆ ಹಿಡಿದಳು. ಕುಡಿಯುವವಳಲ್ಲ, ಮೂಸಿದಳಷ್ಟೆ.

“ಏನ್ಲಾ ಮಗ, ಲವಂಗ ಹಾಕವ್ರಾ ಇದಕ್ಕೆ?”

“ಇಲ್ಲ ಅಜ್ಜಿ, ಮರದ ವಾಸ್ನೆ ಅದು.”

“ಮೆಣ್ಸೂ ಐತೆ” ಎಂದಳು ಮತ್ತೊಮ್ಮೆ ಮೂಸಿ.

ಮೆಣಸಿನ ತೋಟದ ಮಗಳು ಅವಳು, ಮೂಗು ಸುಳ್ಳು ಹೇಳಲಿಲ್ಲ. ಶಿರಾಜಿನಲ್ಲಿ ಕಾಳುಮೆಣಸಿನ ಪರಿಮಳ ಬರುವುದೇಕೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಕಂಡುಹಿಡಿದರು. ರೊಟುಂಡೋನ್ ಎಂಬ ವಸ್ತು ಅದಕ್ಕೆ ಕಾರಣ. ಕಾಳುಮೆಣಸಿಗೆ ಅದರ ಮೆಣಸುತನ ಕೊಡುವುದೂ ಅದೇ ವಸ್ತು. ಸಕಲೇಶಪುರದ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯೂ ರೋನ್ ಕಣಿವೆಯ ಬಳ್ಳಿಯೂ ಒಂದೇ ಪರಿಮಳವನ್ನು ಬೇರೆ ಬೇರೆಯಾಗಿ ಕಟ್ಟಿಕೊಂಡಿವೆ.

ಯಾವುದಕ್ಕೆ ಇದು ಒಗ್ಗುತ್ತದೆ ಎಂದು ಒಂದೊಂದಾಗಿ ನೋಡಿದೆವು. ಮುದ್ದೆ ಮತ್ತು ಖಾರದ ಮಟನ್ ಸಾರಿನ ಜೊತೆ ಒಗ್ಗಲಿಲ್ಲ. ಒಣಮೆಣಸಿನಕಾಯಿಯ ಉರಿಯನ್ನು ಮದ್ಯವೂ ಒಗರೂ ಇಮ್ಮಡಿ ಮಾಡಿದವು, ಹಣ್ಣಿನ ರುಚಿ ಎಲ್ಲೋ ಓಡಿಹೋಯಿತು. ಮುದ್ದೆಯನ್ನಂತೂ ಅಗಿಯದೆ ನುಂಗುವುದು, ಅದು ನಾಲಿಗೆಯ ಮೇಲೆ ನಿಲ್ಲುವುದೇ ಇಲ್ಲ. ಆದರೆ ಕೊಬ್ಬಿರುವ ಮಾಂಸವನ್ನು ಕಾಳುಮೆಣಸು, ಈರುಳ್ಳಿಯಲ್ಲಿ ಒಣಗಲು ಹುರಿದು ಕೊಟ್ಟಳಲ್ಲ ನನ್ನಾಕೆ, ಅದರ ಜೊತೆ ಎರಡೂ ಒಂದನ್ನೊಂದು ಎತ್ತಿ ಹಿಡಿದವು. ಒಂದು ತುತ್ತು, ಒಂದು ಗುಟುಕು. ಒಗರು ಎಂದರೆ ರಸದ ಟ್ಯಾನಿನ್ ಹೋಗಿ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದು, ಅದಕ್ಕೇ ಬಾಯಿ ಒಣಗಿದಂತಾಗುತ್ತದೆ. ಬಾಯಲ್ಲಿ ಮಾಂಸ, ಕೊಬ್ಬು ಇದ್ದರೆ ಆ ಟ್ಯಾನಿನ್ ಅವಕ್ಕೆ ಅಂಟುತ್ತದೆ. ಮಾಂಸದ ಜಿಡ್ಡೂ ಕಳೆಯುತ್ತದೆ, ರಸದ ಬಿಗಿಯೂ ಸಡಿಲುತ್ತದೆ. ಪೋಯಾಕ್ ಊರಿನವರು ತಮ್ಮ ಕೆಂಪಿಗೆ ಹಾಲುಗುರಿಯ ಮಾಂಸ ಇಡುತ್ತಾರೆ. ಬೋರ್ಡೋದವರು ಸವರಿದ ದ್ರಾಕ್ಷಿ ಕಡ್ಡಿಯನ್ನೇ ಉರಿಸಿ, ಆ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಅದರ ಹಿಂದಿರುವುದೂ ಇದೇ ಲೆಕ್ಕ.

ಮಾಂಸ ತಿನ್ನದವರಿಗೂ ದಾರಿಯಿದೆ. ಕೆಂಡದಲ್ಲಿ ಸುಟ್ಟು ಎಣ್ಣೆ ಹಾಕಿ ಕಿವುಚಿದ ಬದನೆಕಾಯಿ, ಮೊದಲ ಮಳೆಗೆ ಏಳುವ ಅಣಬೆಯ ಪಲ್ಯ, ಹುರಿದ ಕಡಲೆಕಾಯಿ, ಅವರೆಯ ಕಾಲದಲ್ಲಿ ಖಾರ ಇಳಿಸಿ ಮಾಡಿದ ಹಿತಕಿದ ಬೇಳೆ. ಜಿಡ್ಡು, ಸುಟ್ಟ ಪರಿಮಳ, ಮಣ್ಣಿನ ಸೊಗಡು ಎಲ್ಲಿದೆಯೋ ಅಲ್ಲಿ ಇದು ಹೊಂದಿಕೊಳ್ಳುತ್ತದೆ. ಮೀನಿಗೆ ಮಾತ್ರ ಬೇಡ, ಬಾಯಿಗೆ ಕಬ್ಬಿಣ ನೆಕ್ಕಿದ ರುಚಿ ಬರುತ್ತದೆ.

*

ಇಳಿಹೊತ್ತು. ಬಾಟಲಿಯ ತಳದಲ್ಲಿ ಕಾಫಿ ಗಷ್ಟಿನಂತೆ ಕಪ್ಪು ಮಡ್ಡಿ ನಿಂತಿತ್ತು, ನಾಲ್ಕು ವರ್ಷದಲ್ಲಿ ಕಳಚಿಬಿದ್ದ ಒಗರು. ಬೀದಿಯಾಚೆಯ ಮನೆಯಲ್ಲಿ ಯಾರೋ ಹುಡುಗಿ ಪಿಟೀಲಿನ ಮೇಲೆ ಮಾಯಾಮಾಳವಗೌಳದ ಸರಳೆ ವರಸೆ ಸಾಧನೆ ಮಾಡುತ್ತಿದ್ದಳು. ತಪ್ಪಿದಲ್ಲಿಂದಲೇ ಮತ್ತೆ ಹಿಡಿಯುತ್ತಿದ್ದಳು.

ಜಗಲಿಯ ಮೇಲೆ ಅವ್ವ ಎಲೆಅಡಿಕೆಯ ಚೀಲ ಬಿಚ್ಚಿದಳು. ಎಲೆಯ ಬೆನ್ನಿಗೆ ಸುಣ್ಣ ಸವರಿ, ತವರಿನ ಅಡಿಕೆಯ ಹೋಳಿಟ್ಟು, ಮಡಿಚಿ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ತುಟಿ ಕೆಂಪೇರಿತು. ಲೋಟದ ತಳದಲ್ಲಿ ಉಳಿದಿದ್ದ ಹನಿಗೂ ಅವಳ ತುಟಿಗೂ ಬಣ್ಣದಲ್ಲಿ ಅಂಥ ಅಂತರವಿರಲಿಲ್ಲ. ಎರಡರದೂ ಒಗರಿನ ಜೊತೆಗೇ ಬಂದ ಕೆಂಪು.

“ಅಣ್ಣನ ತೋಟದ್ದು” ಎಂದಳು, ಇನ್ನೊಂದು ಹೋಳು ನನ್ನ ಅಂಗೈಗೆ ಹಾಕುತ್ತ. “ಹೋದ್ ಮಳೇಲಿ ಊರೆಲ್ಲ ಕೊಳೆ ಬಂತು. ಅವನು ಎರಡು ಸಲ ಔಷಧಿ ಹೊಡ್ಸಿದ್ದ, ಉಳ್ಕಂತು.”

ಆ ಹೋಳನ್ನು ಕಡಿದೆ. ವಸಡು ಬಿಗಿಯಿತು. ಹಲಸಿನ ಮರದಡಿಯ ಪೀಪಾಯಿ, ಅದರೊಳಗಿನ ತಿಳಿನೀಲಿ, ಮಾವನ ಕತ್ತಿಯ ಅಲಗು ಒಮ್ಮೆಗೇ ಕಣ್ಣೆದುರು ಬಂದವು.